ಕರೆಂಟು ಬಂತು, ಅದರ ಮಾತು ಬರಲಿಲ್ಲ

ವಾಚನಾಲಯದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂತ ಹುಡುಗರು ಮನೆಗೆ ಬಂದು ಕೇಳಿದಾಗ, ನಾನು ಪದಗಳ ಬಗ್ಗೆ ಬರೀತೀನಿ ಅಂದೆ. ಮಾದಪ್ಪನ ಪದ, ಮಂಟೇಸ್ವಾಮಿ ಪದ ಹಾಡಿಕೊಂಡು ಬಂದವನಲ್ಲವಾ, ಅದನ್ನೇ ಬರೀತಾನೆ ಅಂತ ಅವರು ಖುಷಿಯಾಗಿ ಹೋದರು. ನಾನು ಹೇಳಿದ್ದು ಬೇರೆ ಪದ. ವೋಲ್ಟು, ಆಂಪಿಯರು, ವ್ಯಾಟು, ಯೂನಿಟ್ಟು, ಫ್ಯೂಸು, ಅರ್ತು. ದಿನಾ ಬಾಯಲ್ಲಿ ಆಡುತ್ತೇವೆ. ಈ ಪದಗಳು ಎಲ್ಲಿಂದ ಬಂದವು, ಏನು ಹೇಳುತ್ತವೆ ಅಂತ ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಮ್ಮ ಮನೆಯವರೊಬ್ಬರು ದಂಡ ತೆತ್ತರು. ಅದನ್ನು ಮುಂದೆ ಹೇಳುತ್ತೇನೆ, ಮೊದಲು ಕರೆಂಟು ಬಂದ ದಾರಿ ಹೇಳಬೇಕು.

ನಮ್ಮ ಅವ್ವನ ತವರು ಗುಂಡ್ಲುಪೇಟೆ ಕಡೆ. ನಾನು ಏಳನೇ ಕ್ಲಾಸು ತನಕ ಅಜ್ಜಿ ಮನೇಲಿದ್ದು ಅಲ್ಲೇ ಕನ್ನಡ ಸಾಲೇಲಿ ಓದಿದೆ. ಆ ಊರಲ್ಲಿ ಬೀದಿ ದೀಪ ಇತ್ತು. ರಜ ಬಂತು ಅಂತ ಮುತ್ತಂಗ ಕಾಡು ದಾಟಿ ವಯನಾಡಿಗೆ ಬಂದರೆ ನಮ್ಮ ಮನೇಲಿ ಸೀಮೆಎಣ್ಣೆ ಬುಡ್ಡಿ. ಅದೇನು, ಅಲ್ಲಿ ಇರೋ ದೀಪ ಇಲ್ಲಿ ಯಾಕಿಲ್ಲ ಅಂತ ಅಜ್ಜನ್ನ ಕೇಳಿದ್ದೆ. 'ಅದು ಬ್ಲಫ್ಫಿನ ಕರೆಂಟು ಕಣ್ಲಾ, ಮಹಾರಾಜರು ತಂದದ್ದು. ನಿಮ್ಮೂರು ಬೇರೆ ರಾಜ್ಯ' ಅಂದರು. ಶಿವನಸಮುದ್ರವನ್ನು ಆ ಕಡೆಯವರು ಬ್ಲಫ್ಫು ಅಂತಲೇ ಕರೆಯೋದು.

ಅಜ್ಜ ಹೇಳಿದ್ದು ಅರ್ಧ ಸರಿ. ಶಿವನಸಮುದ್ರದಲ್ಲಿ ಕಾವೇರಿ ಬೀಳೋ ಜಾಗದಲ್ಲಿ ಯಂತ್ರ ಕೂರಿಸಿ 1902ರಲ್ಲಿ ಕರೆಂಟು ತೆಗೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹಿಡಿದ ಕೆಲಸ ಅದು. ಅವರು 1901ರಲ್ಲೇ ತೀರಿಕೊಂಡರು, ದೀಪ ನೋಡಲಿಲ್ಲ. ಆ ಕರೆಂಟು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. 92 ಮೈಲಿ ತಂತಿ ಎಳೆದರು. ಆ ಕಾಲಕ್ಕೆ ಲೋಕದಲ್ಲೇ ಬಲು ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ.

ಅಜ್ಜನಿಗೆ ಗೊತ್ತಿಲ್ಲದ ಇನ್ನರ್ಧ ಇಲ್ಲಿದೆ. ಪನಮರಂ ಹೊಳೆ, ಮಾನಂದವಾಡಿ ಹೊಳೆ ಸೇರಿ ನಮ್ಮ ಕಬಿನಿ ಆಗುತ್ತದೆ. ಕಬಿನಿ ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಶಿವನಸಮುದ್ರ ಅದಕ್ಕಿಂತ ಕೆಳಗೆ. ಅಂದರೆ ಆಟಿ ತಿಂಗಳಲ್ಲಿ ನಮ್ಮ ಮಾಡಿನ ಮೇಲೆ ಸುರಿದ ಮಳೆ ನೀರೂ ಆ ಯಂತ್ರ ತಿರುಗಿಸಿ, ಕೋಲಾರದ ಗಣಿ ಬೆಳಗಿ, ಬೆಂಗಳೂರಿನ ಬೀದಿ ಬೆಳಗಿತು. ಮಳೆ ಹುಯ್ದ ಊರಲ್ಲಿ ಬುಡ್ಡಿ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ನೀರು ಇಳಿಜಾರಿಗೇ ಹೋಗಬೇಕು. ಆದರೆ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ವಯನಾಡು ಆಗ ಮಲಬಾರ್ ಜಿಲ್ಲೆ, ಮದ್ರಾಸಿನವರ ಕೈಲಿತ್ತು. ಪಕ್ಕದ ನೀಲಗಿರಿಯ ಪೈಕಾರದಲ್ಲಿ 1932ರಲ್ಲಿ ವಿದ್ಯುತ್ತು ಬಂತು. ತೆಂಕಲ ತಿರುವಾಂಕೂರಿನವರು 1940ರಲ್ಲಿ ಪಳ್ಳಿವಾಸಲ್ ಮಾಡಿದರು. ಕೇರಳ ರಾಜ್ಯ ಆದಮೇಲೆ 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು. ನಮ್ಮ ಘಟ್ಟದ ಕೆಳಗೆ ಕಕ್ಕಯಂನಲ್ಲಿ ಕುಟ್ಟಿಯಾಡಿ ಯೋಜನೆ ಶುರುವಾದದ್ದು 1972ರಲ್ಲಿ. ಆಮೇಲೆ ಪಡಿಂಞಾರತ್ತರದಲ್ಲಿ ಬಾಣಾಸುರ ಸಾಗರ ಕಟ್ಟಿ, ಪೂರ್ವಕ್ಕೆ ಹೋಗುತ್ತಿದ್ದ ಕರಮಾನ್ ತೋಡಿನ ನೀರನ್ನು ಗುಡ್ಡದೊಳಗೆ ಸುರಂಗ ಮಾಡಿ ಪಡುವಲಿಗೆ ತಿರುಗಿಸಿದರು. ಈಗ ನಮ್ಮ ಮಳೆ ಎರಡೂ ಕಡೆಗೆ ದುಡಿಯುತ್ತದೆ. ಕೇರಳದಲ್ಲಿ ಕರೆಂಟಿಲ್ಲದ ಮನೆ ಇನ್ನಿಲ್ಲ ಅಂತ ಸರ್ಕಾರ ಸಾರಿದ್ದು 2017ರ ಮೇ 29ಕ್ಕೆ. ಶಿವನಸಮುದ್ರದ ಲೆಕ್ಕ ಹಿಡಿದರೆ ನೂರಾ ಹದಿನೈದು ವರ್ಷ.

ನಮ್ಮ ಮನೆಗೆ ಬಂದದ್ದು ನನ್ನ ಮದುವೆಯಾಗಿ ಎರಡು ವರ್ಷಕ್ಕೆ. ಗದ್ದೆ ಬದುವಿನ ಮೇಲೆ ಕಂಬ ನೆಟ್ಟರು. ಎರಡು ಬಲ್ಬು, ಒಂದು ಪ್ಲಗ್ಗು. ನಮ್ಮಪ್ಪ ಬಲ್ಬಿನ ಕೆಳಗೆ ನಿಂತು ಕೈ ಮುಗಿದರು. ವೈರಿಂಗ್ ಮಾಡಿದ ಹುಡುಗ ಎಲ್ಲ ಹೇಳಿ ಹೋದ: ಇದು ಫೇಸ್, ಇದು ನ್ಯೂಟ್ರಲ್, ಇದು ಮೈನ್, ಇದು ಫ್ಯೂಸು. ನಾವು ತಲೆ ಆಡಿಸಿದೆವು. ಒಂದು ಮಾತೂ ಒಳಕ್ಕೆ ಹೋಗಲಿಲ್ಲ. ನಮಗೆ ಎಲ್ಲವೂ ಕರೆಂಟೇ. ಕರೆಂಟು ಬಂತು, ಕರೆಂಟು ಹೋಯ್ತು, ಕರೆಂಟು ಹೊಡೀತು, ಕರೆಂಟಿನ ಬಿಲ್ಲು. ಒಂದೇ ಪದದಲ್ಲಿ ಸಂಸಾರ ನಡೀತಿತ್ತು.

ಫ್ಯೂಸು ಹೋದರೆ ಕಟ್ಟೋದು ಮಾತ್ರ ಕಲಿತೆ. ಮಳೆಗಾಲದಲ್ಲಿ ಪದೇ ಪದೇ ಹೋಗೋದು. ನನಗೆ ಬೇಜಾರಾಗಿ ಒಂದು ದಿನ ದಪ್ಪ ತಂತಿ ಸುತ್ತಿದೆ. ಆಮೇಲೆ ಅದು ಹೋಗಲೇ ಇಲ್ಲ. ಊರಲ್ಲಿ ಹೆಸರು ಬಂತು, ಇವನು ಕಟ್ಟಿದ ಫ್ಯೂಸು ಹೋಗಲ್ಲ ಅಂತ. ಅಕ್ಕಪಕ್ಕದ ಮನೆಯವರೂ ಕರೆಯೋರು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಇನ್ನು ಆ ರಾತ್ರಿಯ ವಿಷಯ. ಹೊಳೆಯಾಚೆ ಒಂದು ಊರಿನ ಹಬ್ಬ. ತಂಬೂರಿ ನಾನು, ದಮ್ಮಡಿ ನನ್ನ ಬಾಮೈದ. ಮೊದಲೆಲ್ಲ ಗ್ಯಾಸ್‌ಲೈಟ್ ಬೆಳಕಲ್ಲಿ ಬರೀ ಗಂಟಲಲ್ಲೇ ಬೆಳಗಿನ ತನಕ ಹಾಡುತ್ತಿದ್ದೆವು. ಆ ವರ್ಷ ಮೈಕ್‌ಸೆಟ್ ತಂದಿದ್ದರು. ಪೆಟ್ಟಿಗೆಯಿಂದ ಬಂದ ವೈರಿಗೆ ಮೂರು ಪಿನ್ನಿನ ಪ್ಲಗ್ಗು. ಅಲ್ಲಿದ್ದ ಹೋಲ್ಡರಿಗೆ ಎರಡೇ ತೂತು. ಮೈಕಿನವನು ಟೀ ಕುಡಿಯೋಕೆ ಹೋಗಿದ್ದ. ಜನ ಕಾಯ್ತಾ ಇದ್ದರು. ಫ್ಯೂಸು ಕಟ್ಟೋ ಹೆಸರು ಇತ್ತಲ್ಲ ನನಗೆ, ನಾನು ಮಾಡ್ತೀನಿ ಬಿಡಿ ಅಂದೆ. ಪ್ಲಗ್ಗು ಕತ್ತರಿಸಿದೆ. ಒಳಗೆ ಮೂರು ತಂತಿ: ಕೆಂಪು, ಕಪ್ಪು, ಹಸಿರು. ಎರಡು ತೂತಿಗೆ ಎರಡು ತಂತಿ ಸಾಕು. ಕೆಂಪು ಕಪ್ಪು ಹಲ್ಲಲ್ಲಿ ಸುಲಿದು ತೂತಿಗೆ ಹಾಕಿ ಬೆಂಕಿಕಡ್ಡಿ ಸಿಕ್ಕಿಸಿದೆ. ಹಸಿರು ತಂತಿ ಬೇಡದ್ದು ಅಂತ ಹಿಂದಕ್ಕೆ ಮಡಿಚಿ ನೂಲು ಸುತ್ತಿದೆ. ಮೈಕು ಮಾತಾಡಿತು. ಜನ ಚಪ್ಪಾಳೆ ಹೊಡೆದರು.

ನಡುರಾತ್ರಿ ಹೊತ್ತಿಗೆ ಹನಿ ಶುರುವಾಯ್ತು. ನೆಲ ನೆಂದಿತು. ಬಾಮೈದ ಬರಿಗಾಲಲ್ಲಿ ನಿಂತು ಹಾಡುತ್ತಿದ್ದವನು ಮೈಕಿನ ಕಬ್ಬಿಣದ ಸ್ಟ್ಯಾಂಡ್ ತಗ್ಗಿಸೋಕೆ ಎಡಗೈ ಹಾಕಿದ. ಹಾಕಿದ ಕೈ ಬಿಡಲಿಲ್ಲ. ಮೈ ನಡುಗೋಕೆ ಹತ್ತಿತು, ಕಣ್ಣು ಮೇಲೆ ಹೋಯ್ತು. ಮುಂದೆ ಕೂತಿದ್ದ ಹೆಂಗಸರು ದೇವರು ಮೈಮೇಲೆ ಬಂತು ಅಂತ ಎದ್ದು ಕೈ ಮುಗಿದರು. ಸುಳ್ಳು ಯಾಕೆ ಹೇಳಲಿ, ನಾನೂ ಹಂಗೇ ಅಂದುಕೊಂಡೆ. ತಂಬೂರಿ ಇನ್ನೂ ಜೋರಾಗಿ ಮೀಟಿದೆ. ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗ ಓಡಿಹೋಗಿ ಆ ಬೆಂಕಿಕಡ್ಡಿ ಸಿಕ್ಕಿಸಿದ ವೈರನ್ನು ಒಣ ಕೋಲಲ್ಲಿ ಎಳೆದು ಕಿತ್ತ. ಕತ್ತಲಾಯ್ತು. ಬಾಮೈದ ಬಿದ್ದ ಸದ್ದು ಕೇಳಿತು.

ಬದುಕಿದ. ಅಂಗೈ ಸುಟ್ಟಿತ್ತು. ಎಡಗೈಯ ಎರಡು ಬೆರಳು ಮಡಿಚಿದ್ದು ಮಡಿಚಿದಂಗೇ ಉಳಿದವು. ದಮ್ಮಡಿ ಮತ್ತೆ ಮುಟ್ಟಲಿಲ್ಲ. ನನ್ನನ್ನು ಅವನು ಒಂದು ದಿನಕ್ಕೂ ಬೈಯಲಿಲ್ಲ. ಆಸ್ಪತ್ರೇಲಿ 'ಭಾವ, ಅದು ಯಾಕೆ ಹಂಗಾಯ್ತು?' ಅಂತ ಕೇಳಿದ, ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಬಂದು ನೋಡಿದ ಲೈನಿನ ಕೆಲಸದವರೊಬ್ಬರು ಮಲಯಾಳದಲ್ಲಿ, ಅರ್ತು ಕೊಟ್ಟಿಲ್ಲವಲ್ಲ ಅಂದರು. ನನ್ನ ಕಿವಿಗೆ ಅದು ಕನ್ನಡದ 'ಅರ್ಥ' ಅಂತ ಕೇಳಿತು. ಅರ್ಥ ಕೊಟ್ಟಿಲ್ಲ ಅಂದರೆ ಏನು ಅಂತ ಬೆಪ್ಪಾಗಿ ನಿಂತಿದ್ದೆ.

ಆ ಉತ್ತರ ಹುಡುಕಿಕೊಂಡೇ ನಾನು ಮೊದಲ ಸಲ ವಾಚನಾಲಯದ ಮೆಟ್ಟಿಲು ಹತ್ತಿದ್ದು. ಅಲ್ಲಿಗೆ ಸಂಜೆ ಹೊತ್ತು ಬರುತ್ತಿದ್ದ ಸಾಲೆ ಮೇಷ್ಟ್ರೊಬ್ಬರು ನನ್ನನ್ನು ಚಿಕ್ಕ ಹುಡುಗನ ಹಾಗೆ ಕೂರಿಸಿಕೊಂಡು ಹೇಳಿಕೊಟ್ಟರು. ಅವರು ಹೇಳಿದ್ದು, ಆಮೇಲೆ ಪುಸ್ತಕ ನೋಡಿ ತಿಳಿದದ್ದು, ಎರಡೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ತಿಳಿದದ್ದು ಇವು ಮನುಷ್ಯರ ಹೆಸರು ಅನ್ನೋದು. ನಾನು ದೇವರ ಹೆಸರೋ ಮಿಷನ್ನಿನ ಹೆಸರೋ ಅಂದುಕೊಂಡಿದ್ದೆ. ವೋಲ್ಟಾ ಇಟಲಿ ದೇಶದವರು. ಅವರ ದೇಶದಲ್ಲೇ ಗಾಲ್ವಾನಿ ಅನ್ನೋ ಪಂಡಿತರು ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆ ಲೋಹ ಮುಟ್ಟಿಸಿದಾಗ ಕಾಲು ಎಗರಿತು. ಕಪ್ಪೆಯೊಳಗೇ ವಿದ್ಯುತ್ತಿದೆ ಅಂದರು ಗಾಲ್ವಾನಿ. ಇಲ್ಲ, ಎರಡು ಲೋಹದ ನಡುವೆ ಇದೆ ಅಂದರು ವೋಲ್ಟಾ. ಅದನ್ನು ತೋರಿಸೋಕೆ 1800ರಲ್ಲಿ ಬೆಳ್ಳಿ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ, ಹೀಗೆ ರೊಟ್ಟಿ ಪೇರಿಸಿದಂಗೆ ಪೇರಿಸಿದರು. ನಿಲ್ಲದೆ ಹರಿಯೋ ಕರೆಂಟು ಮನುಷ್ಯನ ಕೈಗೆ ಸಿಕ್ಕಿದ್ದು ಆಗ. ನಮ್ಮ ಟಾರ್ಚಿನ ಸೆಲ್ಲಿನ ಮುತ್ತಜ್ಜ ಅದು. ಆಂಪಿಯರ್ ಫ್ರಾನ್ಸಿನವರು. ಅವರ ತಂದೆಯನ್ನು ಅಲ್ಲಿಯ ಕ್ರಾಂತಿಯಲ್ಲಿ ತಲೆ ಕಡಿದು ಕೊಂದರು. ಮಗ ಆ ದುಃಖ ನುಂಗಿಕೊಂಡು ಓದಿದವರು. ಓಮ್ ಅನ್ನೋರು ಜರ್ಮನಿಯ ಒಬ್ಬ ಸಾಲೆ ಮೇಷ್ಟ್ರು. 1827ರಲ್ಲಿ ಅವರು ಬರೆದ ಪುಸ್ತಕವನ್ನು ಅವರ ದೇಶದವರೇ ಮೂಸಿ ನೋಡಲಿಲ್ಲ, ಬೇಸತ್ತು ಕೆಲಸ ಬಿಟ್ಟರು. ಇಂಗ್ಲೆಂಡಿನವರು 1841ರಲ್ಲಿ ಪದಕ ಕೊಟ್ಟ ಮೇಲೆ ಊರಿನವರಿಗೂ ಬೆಲೆ ಗೊತ್ತಾಯ್ತು. ಇದನ್ನು ನಮ್ಮ ಮೇಷ್ಟ್ರು ಎರಡು ಸಲ ಹೇಳಿದರು. 1881ರಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶದ ಪಂಡಿತರು ಸಭೆ ಸೇರಿ ಈ ಮೂವರ ಹೆಸರನ್ನು ಅಳತೆಗೆ ಇಟ್ಟರು.

ಏನನ್ನು ಅಳೆಯೋದು? ಕರೆಂಟು ಅನ್ನೋ ಇಂಗ್ಲಿಷು ಪದಕ್ಕೆ ಹರಿವು ಅಂತ ಅರ್ಥ, ಹೊಳೆ ಹರಿಯೋದಕ್ಕೂ ಅವರು ಅದೇ ಪದ ಹೇಳುತ್ತಾರೆ. ಹಂಗಾಗಿ ಗದ್ದೆ ಮಾಡೋರಿಗೆ ಇದು ಕಷ್ಟ ಅಲ್ಲ. ತೋಡಿನ ನೀರು ಎಷ್ಟು ಎತ್ತರದಿಂದ ನೂಕಿಕೊಂಡು ಬರುತ್ತದೆ, ಆ ನೂಕು ವೋಲ್ಟು. ಎಷ್ಟು ನೀರು ಹರಿಯುತ್ತಿದೆ, ಅದು ಆಂಪಿಯರು. ತೋಡಿಗೆ ಕಳೆ ಕಟ್ಟಿಕೊಂಡು, ಮಣ್ಣು ಕುಸಿದು ಎಷ್ಟು ಅಡ್ಡಿ ಆಗುತ್ತದೆ, ಅದು ಓಮು. ಶಿವನಸಮುದ್ರದಿಂದ ಕೋಲಾರಕ್ಕೆ ಕಳಿಸುವಾಗ 30,000 ವೋಲ್ಟಿಗೂ ಕಡಿಮೆ ಇಲ್ಲದಂತೆ ನೂಕಿದ್ದು ಇದಕ್ಕೇ. ನೂಕು ಜಾಸ್ತಿ ಮಾಡಿದರೆ ಹರಿವು ಕಡಿಮೆ ಸಾಕಾಗುತ್ತದೆ, ಹರಿವು ಕಡಿಮೆಯಾದರೆ ದಾರೀಲಿ ತಂತಿ ಕಾದು ವ್ಯರ್ಥ ಆಗೋದೂ ಕಡಿಮೆ. ಮನೆ ಹತ್ತಿರ ಟ್ರಾನ್ಸ್‌ಫಾರ್ಮರಲ್ಲಿ ನೂಕನ್ನು ಇಳಿಸಿ 230 ವೋಲ್ಟು ಮಾಡಿ ಒಳಕ್ಕೆ ಬಿಡುತ್ತಾರೆ. ಟ್ರಾನ್ಸ್‌ಫಾರ್ಮರಿಂದ ಬಹಳ ದೂರ ಇರೋ ಮನೇಲಿ ಸಂಜೆ ಬಲ್ಬು ಕೆಂಪಗೆ ಉರಿಯುತ್ತಿತ್ತಲ್ಲ, ವೋಲ್ಟೇಜ್ ಇಲ್ಲ ಅಂತ ಬೈತಿದ್ದೆವಲ್ಲ, ಅದು ತೋಡಿನ ಕಡೇ ಗದ್ದೆಗೆ ನೀರು ಬಾರದ ಕಥೆಯೇ.

ಎರಡನ್ನೂ ಗುಣಿಸಿದರೆ ವ್ಯಾಟು. ಇದು ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ ಅವರ ಹೆಸರು. ಅವರು ಉಗಿ ಯಂತ್ರದವರು, 1819ರಲ್ಲೇ ತೀರಿಕೊಂಡರು, ಕರೆಂಟಿನ ಬಲ್ಬು ಕಂಡವರೇ ಅಲ್ಲ. ತನ್ನ ಯಂತ್ರ ಕೊಳ್ಳೋರಿಗೆ ಇದು ಇಷ್ಟು ಕುದುರೆ ಕೆಲಸ ಮಾಡುತ್ತೆ ಅಂತ ಲೆಕ್ಕ ಹೇಳಿದರು. ನಮ್ಮ ಮೋಟಾರಿನ ಹೆಚ್.ಪಿ. ಅದೇ ಕುದುರೆ. ಒಂದು ಕುದುರೆಗೆ 746 ವ್ಯಾಟು. ಸಾವಿರ ವ್ಯಾಟು ಒಂದು ಗಂಟೆ ಓಡಿದರೆ ಒಂದು ಯೂನಿಟ್ಟು. ಎರಡು ತಿಂಗಳಿಗೊಮ್ಮೆ ಬರೋ ಬಿಲ್ಲಲ್ಲಿ ಇರೋದು ಇದೇ. ಹಳೇ 60 ವ್ಯಾಟಿನ ಬಲ್ಬು ಹದಿನಾರು ಮುಕ್ಕಾಲು ಗಂಟೆ ಹತ್ತಿರ ಉರಿದರೆ ಒಂದು ಯೂನಿಟ್ಟು, ಈಗಿನ 9 ವ್ಯಾಟಿನ ಎಲ್‌ಇಡಿ ನೂರಾ ಹನ್ನೊಂದು ಗಂಟೆ ಉರೀಬೇಕು. ನನ್ನ ಮೊಮ್ಮಗಳು ಇದನ್ನು ಬೆರಳಲ್ಲೇ ಹೇಳುತ್ತಾಳೆ.

ಲೆಕ್ಕ ಗೊತ್ತಿದ್ದರೆ ಇನ್ನೊಂದು ಉಪಯೋಗ. 5 ಆಂಪಿಯರಿನ ಸಣ್ಣ ಪ್ಲಗ್ಗಿಗೆ 230ರಿಂದ ಗುಣಿಸಿದರೆ 1150 ವ್ಯಾಟು, ಅದರ ತಾಕತ್ತು ಅಷ್ಟೇ. ಈಗ ಎಲ್ಲರ ಮನೇಲಿ ಬಂದಿರೋ ಇಂಡಕ್ಷನ್ ಒಲೆ 2000 ವ್ಯಾಟಿನದ್ದಾದರೆ ಹತ್ತಿರ ಹತ್ತಿರ 9 ಆಂಪಿಯರು ಎಳೆಯುತ್ತದೆ. ಸಣ್ಣ ಪ್ಲಗ್ಗಿಗೆ ಹಾಕಿದರೆ ಹೋಲ್ಡರು ಕಪ್ಪಾಗಿ ನಾರುತ್ತದೆ. ದೊಡ್ಡ ಪ್ಲಗ್ಗು ಇರೋದೇ ಅದಕ್ಕೆ. ಫ್ಯೂಸಿನ ಗುಟ್ಟೂ ಇದೇ. ಇಂಗ್ಲಿಷಿನ ಆ ಪದದ ಮೂಲದಲ್ಲೇ ಕರಗೋದು ಅನ್ನೋ ಅರ್ಥ ಇದೆ. ಗೋಡೆಯೊಳಗಿನ ತಂತಿ ತಡೆಯೋದಕ್ಕಿಂತ ಹೆಚ್ಚು ಹರಿದರೆ ಮೊದಲು ತಾನು ಕರಗಿ ದಾರಿ ಕಡಿಯೋಕೆ ಅದನ್ನು ಸಣ್ಣ ತಂತೀಲಿ ಮಾಡಿದ್ದು. ಸಾಯೋದೇ ಅದರ ಕೆಲಸ. ನಾನು ದಪ್ಪ ತಂತಿ ಸುತ್ತಿ ಅದನ್ನು ಸಾಯದಂಗೆ ಮಾಡಿದ್ದೆ, ಅದಕ್ಕೆ ಹೆಸರು ಬೇರೆ ತಗೊಂಡಿದ್ದೆ! ಆ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಬಿಚ್ಚಿ ಸಣ್ಣ ತಂತಿ ಕಟ್ಟಿ ಬಂದೆ. ಇಬ್ಬರು ನಕ್ಕರು, ಒಬ್ಬರು ಬೈದರು.

ಆದರೆ ಸರಿಯಾದ ಫ್ಯೂಸೇ ಇದ್ದಿದ್ದರೂ ಬಾಮೈದನಿಗೆ ಅದು ಒದಗುತ್ತಿರಲಿಲ್ಲ. ಇದು ನನಗೆ ಬಹಳ ತಡವಾಗಿ ಅರ್ಥವಾಯ್ತು. ಫ್ಯೂಸು ಕಾಯೋದು ತಂತಿಯನ್ನು, ಮನುಷ್ಯನನ್ನು ಅಲ್ಲ. ಫ್ಯೂಸು ಕರಗೋಕೆ 5 ಆಂಪಿಯರಿಗಿಂತ ಹೆಚ್ಚು ಬೇಕು. ಮನುಷ್ಯನ ಎದೆ ನಿಲ್ಲೋಕೆ ಒಂದು ಆಂಪಿಯರಿನ ಹತ್ತರಲ್ಲಿ ಒಂದು ಪಾಲು ಸಾಕು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಕೈಯ ನರ ಬಿಗಿದುಕೊಂಡು ಹಿಡಿದದ್ದನ್ನು ಬಿಡಿಸಿಕೊಳ್ಳೋಕೆ ಆಗಲ್ಲ. ಅವನ ಕೈ ಸ್ಟ್ಯಾಂಡಿಗೆ ಅಂಟಿದ್ದು ಹಾಗೆ.

ಮೈಕಿನ ಪೆಟ್ಟಿಗೆಯೊಳಗೆ ಎಲ್ಲೋ ಕೆಂಪು ತಂತಿಯ ಕರೆಂಟು ತಗಡಿಗೆ ಸೋರುತ್ತಿತ್ತು, ತಗಡಿನಿಂದ ಮೈಕಿಗೆ, ಮೈಕಿಂದ ಕಬ್ಬಿಣಕ್ಕೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಇಳಿಸಿರುತ್ತಾರೆ. ಹಂಗಾಗಿ ಸೋರಿದ ಕರೆಂಟು ಭೂಮಿಯ ಮೂಲಕವೇ ಹಿಂದಕ್ಕೆ ಹೋಗೋ ದಾರಿ ಹುಡುಕುತ್ತದೆ. ಆ ಹಸಿರು ತಂತಿ ಇರೋದು ಆ ದಾರಿ ಕೊಡೋಕೆ. ಅರ್ತು ಅಂದರೆ ಭೂಮಿ. ಪೆಟ್ಟಿಗೆಯ ತಗಡನ್ನು ನೆಲದೊಳಗಿನ ಗುಂಡಿಗೆ ಸೇರಿಸಿದರೆ ಸೋರಿದ್ದು ಸುಲಭದ ದಾರಿ ಹಿಡಿದು ಇಳಿದುಹೋಗುತ್ತದೆ, ಹೆಚ್ಚು ಸೋರಿದರೆ ಫ್ಯೂಸೂ ಹೋಗುತ್ತದೆ. ನಾನು ಆ ದಾರಿಯನ್ನು ಮಡಿಚಿ ನೂಲು ಕಟ್ಟಿದ್ದೆ. ಉಳಿದ ದಾರಿ ನೆಂದ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ ನನ್ನ ಹೆಂಡತಿಯ ತಮ್ಮ.

ಮೂರು ಪಿನ್ನಿನ ಪ್ಲಗ್ಗು ನೋಡಿ. ಮೇಲಿನ ಪಿನ್ನು ಉದ್ದ, ದಪ್ಪ. ಅರ್ತು ಮೊದಲು ಸೇರಲಿ, ಕಡೆಗೆ ಬಿಡಲಿ ಅಂತ ಹಂಗೆ ಮಾಡಿದ್ದಾರೆ. ಈ ಗುಂಡು ಪಿನ್ನು ಇಂಗ್ಲಿಷರು ತಮ್ಮ ಮನೆಗಳಿಗೆ ಮಾಡಿಕೊಂಡಿದ್ದ ಹಳೇ ಮಾದರಿ. 1947ರಲ್ಲಿ ಅವರು ಇಲ್ಲಿಂದ ಹೋದರು, ಅದೇ ವರ್ಷ ಅಲ್ಲಿ ಚೌಕ ಪಿನ್ನಿನ ಹೊಸ ನಿಯಮ ತಂದರು. ಗುಂಡು ಪಿನ್ನು ನಮಗೆ ಉಳೀತು. ಒಳ್ಳೇದೇ, ನಿಯತ್ತಾಗಿ ಹಾಕಿದರೆ ಏನೂ ಮೋಸ ಇಲ್ಲ.

ಬೇಲಿಯ ವಿಷಯ ಬರೆಯದೆ ಬಿಟ್ಟರೆ ವಯನಾಡಿನವನು ಬರೆದದ್ದು ಅಂತ ಯಾರೂ ನಂಬಲ್ಲ. ಆನೆಗೆ ಹಾಕೋ ಸೋಲಾರ್ ಬೇಲೀಲಿ ಐದು ಸಾವಿರಕ್ಕೂ ಮೇಲೆ ವೋಲ್ಟು ಇರುತ್ತದೆ, ಮುಟ್ಟಿದರೆ ಎಗರಿ ಬೀಳ್ತೀವಿ, ಸಾಯಲ್ಲ. ಮನೇಲಿರೋದು ಬರೀ 230, ಅದು ಕೊಲ್ಲುತ್ತದೆ. ಯಾಕೆ ಅಂತ ಕೇಳದವರಿಲ್ಲ. ಸೋಲಾರ್ ಬೇಲಿಯ ಮಿಷನ್ನು ಸೆಕೆಂಡಿಗೊಂದು ಸಲ ಮಾತ್ರ, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹೊಡೆದು ಬಿಟ್ಟುಬಿಡುತ್ತದೆ. ನೂಕು ದೊಡ್ಡದು, ಹರಿದ ನೀರು ಒಂದು ಹನಿ. ಮನೆಯ ಲೈನು ಹಂಗಲ್ಲ, ಹಿಡಿದರೆ ಬಿಡದೆ ಹರಿಯುತ್ತಲೇ ಇರುತ್ತದೆ. ಹಂದಿ ಕಾಟಕ್ಕೆ ಮನೆ ಲೈನಿಂದಲೇ ಬೇಲಿಗೆ ಕರೆಂಟು ಕೊಡೋರು ಈಗಲೂ ಇದ್ದಾರೆ. ಕಾನೂನಿನಲ್ಲಿ ಅಪರಾಧ ಅನ್ನೋದು ಇರಲಿ, ಕತ್ತಲಲ್ಲಿ ಆ ಬೇಲಿ ಮುಟ್ಟೋದು ಹಂದಿಯೋ, ಆನೆಯೋ, ಹಸು ಹುಡುಕಿಕೊಂಡು ಬಂದ ಪಕ್ಕದ ಮನೆ ಅಮ್ಮನೋ ಯಾರು ಹೇಳುತ್ತಾರೆ?

ಈಗ ಇ.ಎಲ್.ಸಿ.ಬಿ. ಅನ್ನೋ ಪೆಟ್ಟಿಗೆ ಬಂದಿದೆ. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. ಮನೆಗೆ ಹಾಕೋದರಲ್ಲಿ ಒಂದು ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು ವ್ಯತ್ಯಾಸ ಬಂದರೆ, ಯಾರ ಮೈಯಲ್ಲೋ ಹರೀತಿದೆ ಅಂತ ಲೆಕ್ಕ ಹಾಕಿ ತಕ್ಷಣ ಕಡಿದುಬಿಡುತ್ತದೆ. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಪದೇ ಪದೇ ಬೀಳುತ್ತೆ ಅಂತ ಬೇಜಾರಾಗಿ ಅದನ್ನು ತಪ್ಪಿಸಿ ನೇರ ಲೈನು ಕೊಡಿಸಿಕೊಂಡವರನ್ನೂ ನೋಡಿದ್ದೇನೆ. ನಾನು ದಪ್ಪ ತಂತಿ ಸುತ್ತಿದ ಕಾಲದ ಬುದ್ಧಿಯೇ ಅದು, ಪೆಟ್ಟಿಗೆ ಮಾತ್ರ ಹೊಸದು.

ಬಾಮೈದ ಈಗ ನಮ್ಮ ಮನೆ ಪಕ್ಕದಲ್ಲೇ ಇದ್ದಾನೆ. ಮೆಣಸು, ಸ್ವಲ್ಪ ಕಾಫಿ. ನಾವು ಎಲ್ಲಿ ಹಾಡೋಕೆ ಹೋದರೂ ಜೊತೆಗೆ ಬರುತ್ತಾನೆ. ದಮ್ಮಡಿ ಅವನ ಮಗ ಹಿಡಿಯುತ್ತಾನೆ. ಮೈಕ್‌ಸೆಟ್ ಇಳಿಸಿದ ಕೂಡಲೇ ಅವನು ಮೊದಲು ಹೋಗಿ ಪ್ಲಗ್ಗು ನೋಡುತ್ತಾನೆ, ಮೂರನೇ ಪಿನ್ನು ಇಲ್ಲದಿದ್ದರೆ 'ಭಾವ, ಬರೀ ಗಂಟಲಲ್ಲೇ ಹಾಡಿ' ಅಂತ ಕೂಗಿ ಹೇಳುತ್ತಾನೆ. ಮೈಕಿನವರಿಗೆ ಸಿಟ್ಟು ಬರುತ್ತದೆ, ಬರಲಿ. ಮನೆ ಹಿಂದೆ ಇದ್ದಿಲು, ಉಪ್ಪು ತುಂಬಿಸಿದ ನಮ್ಮ ಅರ್ತಿನ ಗುಂಡಿ ಇದೆ. ನೆಲ ಒಣಗಿದರೆ ಅದು ಕೆಲಸ ಮಾಡೋದು ಕಡಿಮೆ. ಅದಕ್ಕೆ ಮಾರ್ಚ್ ಏಪ್ರಿಲಲ್ಲಿ, ಬಾವಿ ತಳ ಕಂಡರೂ, ದಿನ ಬಿಟ್ಟು ದಿನ ಒಂದು ಕೊಡ ನೀರು ಆ ಗುಂಡಿಗೆ ಹೋಗುತ್ತದೆ. ಹುಯ್ಯೋನು ಅವನೇ. ಕೊಡ ಬಲಗೈಲಿ ಹಿಡಿದು, ಎಡಗೈ ಅಡಿಗೆ ಕೊಟ್ಟು ಎತ್ತುತ್ತಾನೆ.